ಮನ್ಯಾಗ ನಗು ಐತೇನು

ನಮ್ಮೂರಿನಲ್ಲಿ ಹೆಗಲು ಕೊಡಲು ಬಂದ ನಾಲ್ವರು ಸಾವಿನ ಮನೆಯೊಳಗೆ ಸೀದಾ ಕಾಲಿಡುವುದಿಲ್ಲ. ಅವರಲ್ಲಿ ಹಿರಿಯನಾದವನು ಹೊಸ್ತಿಲ ಹೊರಗೇ ನಿಂತು, ಬಾಗಿಲ ಚೌಕಟ್ಟಿಗೆ ಅಂಗೈ ಹಚ್ಚಿ, "ಮನ್ಯಾಗ ನಗು ಐತೇನು?" ಎಂದು ಕೇಳುತ್ತಾನೆ. ಒಳಗಿನವರು ಇಲ್ಲ ಎನ್ನಬೇಕು. ಹೀಗೆ ಮೂರು ಸಲ. ಮೂರನೆಯ ಇಲ್ಲ ಕೇಳಿಸಿಕೊಂಡ ಮೇಲೆಯೇ ಅವನ ಬಲಗಾಲು ಹೊಸ್ತಿಲು ದಾಟುತ್ತದೆ.

ನನಗೆ ತಿಳಿದಂತೆ ಆ ಹೊತ್ತಿನಲ್ಲಿ ಸುಳ್ಳು ಹೇಳಿದವನು ಒಬ್ಬನೇ, ಕುಂಬಾರ ಓಣಿಯ ತಿಪ್ಪಣ್ಣ. ಮದುವೆಯಾದ ಹೊಸತರಲ್ಲಿ ಗಂಡ ಹೆಂಡಿರು ಬಾಗಿಲು ಹಾಕಿಕೊಂಡು ನಕ್ಕಿದ್ದರಂತೆ. ವರುಷ ತುಂಬುವುದರೊಳಗೆ ಹೆಂಡತಿ ಹೆರಿಗೆಯಲ್ಲಿ ಹೋದಳು. ತಿಪ್ಪಣ್ಣ ಮೂರು ಸಲ ಇಲ್ಲವೆಂದ. ನಾಲ್ವರೂ ಒಳಗೆ ಬಂದು ಇನ್ನೇನು ಎತ್ತಬೇಕು, ಅವನ ತಾಯಿ ಗೊಳೋ ಎಂದು ಅತ್ತಳು. ಅತ್ತದ್ದೇ ತಡ, ಜಂತಿಯ ಸಂದಿಯಿಂದ ಆ ಸತ್ತ ಹುಡುಗಿಯ ನಗು ಇಳಿಯಿತು. ನಾಲ್ವರೂ ಎತ್ತಲು ಚಾಚಿದ ಕೈ ಹಿಂದೆಗೆದು, ಹೆಗಲ ಮೇಲಿನ ಟವೆಲ್ಲು ಅಲ್ಲೇ ಬಿಸುಟು ಹೊರಟುಹೋದರು. ನಗು ಇಳಿದ ಮನೆಯ ಹೆಣ ಹೊತ್ತರೆ ಆ ನಗು ಹೆಗಲು ಹಿಡಿದು ತಮ್ಮ ಮನೆಗೂ ಬರುತ್ತದೆ ಎಂದು ಅವರ ಅಂಜಿಕೆ. ಎರಡು ದಿನ ಯಾರೂ ಆ ಕಡೆ ಸುಳಿಯಲಿಲ್ಲ. ಮೂರನೆಯ ದಿನ ತಿಪ್ಪಣ್ಣ ಮಣ್ಣು ಹೇರುವ ಗಾಡಿಯಲ್ಲಿ ಒಬ್ಬನೇ ಅವಳನ್ನು ಎಳೆದುಕೊಂಡು ಹೋದ. ನಾನಾಗ ಒಂಬತ್ತು ವರುಷದವಳು. ಗಾಡಿಯ ಗಾಲಿ ಕಿರುಗುಟ್ಟಿದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಆ ಮನೆ ಈಗಲೂ ನಿಂತಿದೆ. ಅದರೊಳಗೆ ಯಾರೂ ಹೋಗುವುದಿಲ್ಲ.

ಸೂರಿನ ಕೆಳಗೆ ನಕ್ಕ ನಗು ನಮ್ಮಲ್ಲಿ ಹೊರಗೆ ಹೋಗುವುದಿಲ್ಲ, ಅಷ್ಟೇ. ಜಂತಿಯಲ್ಲಿ ಕೂತಿರುತ್ತದೆ. ಆ ಮನೆಯೊಳಗೆ ಯಾರಾದರೂ ಅತ್ತರೆ ಇಳಿಯುತ್ತದೆ, ನಕ್ಕವರ ದನಿಯಲ್ಲೇ. ಒಮ್ಮೆ ಇಳಿದರೆ ತೀರಿತೆಂದೂ ಇಲ್ಲ. ಅತ್ತಾಗೆಲ್ಲ ಇಳಿಯುತ್ತದೆ. ಅದಕ್ಕೇ ಕೂಸಿಗೆ ಮೂರು ತಿಂಗಳು ತುಂಬುತ್ತಲೇ ತೊಟ್ಟಿಲು ಅಂಗಳಕ್ಕೆ ಬರುತ್ತದೆ. ಮನೆಗೆ ಬಂದ ಬೀಗರಿಗೆ ಏನಾದರೂ ತಮಾಷೆ ನೆನಪಾದರೆ "ಬರ್ರಿ, ಒಂದೀಟು ಹೊರಗ ಹೋಗೂಣು" ಎನ್ನುತ್ತಾರೆ. ಉಣ್ಣುತ್ತ ಕೂತಾಗ ನಗು ಬಂದವರು ಎಂಜಲುಗೈಯಲ್ಲೇ ಅಂಗಳಕ್ಕೆ ಓಡುತ್ತಾರೆ. ಓಡಿದ ಹೆಜ್ಜೆಯ ಸದ್ದಿನ ಮೇಲೆ ಮಾತು ಎಷ್ಟು ಚಲೋ ಇತ್ತೆಂದು ಆಚೆಮನೆಯವರು ತೂಗುತ್ತಾರೆ.

ನಮ್ಮ ಮನೆಯ ಕಟ್ಟಳೆ ಇನ್ನೂ ಒಂದು ಹೆಜ್ಜೆ ಮುಂದೆ. ನನ್ನ ತಂದೆ ಮುರಿಗೆಯ್ಯನವರು ಗುಡಿಯ ಮಂಟಪದಲ್ಲಿ ದಿನಾ ಸಂಜೆ ಪುರಾಣ ಓದುತ್ತಿದ್ದರು. ನಮ್ಮ ಮನೆಯಲ್ಲಿ ನಗುವಂತೆಯೂ ಇಲ್ಲ, ಅಳುವಂತೆಯೂ ಇಲ್ಲ. "ಅಳೂದೇನಿದ್ರೂ ನಾ ಓದುವಾಗ ಮಂಟಪದಾಗ ಅತ್ತು ಮುಗಿಸಿ ಬರ್ರಿ" ಎನ್ನುತ್ತಿದ್ದರು. ನಾನು ಕಂಬಕ್ಕೆ ಒರಗಿ ಕೂತು ಕೇಳುತ್ತ ಬೆಳೆದವಳು. ಅಪ್ಪನವರ ದನಿ ಮೇಲಿನ ಸ್ವರಕ್ಕೆ ಏರಿ, ನಿಂತು, ಇಳಿದು ಬಂದ ಮೇಲೆ ಎರಡು ಸಣ್ಣ ಕೆಮ್ಮು. ಆಮೇಲೆ "ಶಿವಾ ಶಿವಾ" ಎಂಬ ಮಾತು. ಅದಾದ ಮೇಲೆಯೇ ಮುಂದಿನ ಪದ್ಯ. ಕೇಳಲು ಬರುವವರಲ್ಲಿ ಅಡಿವೆಪ್ಪ ಮೊದಲಿಗ. ಮೀಸೆ ಮೂಡುವ ಮೊದಲಿನಿಂದ ಬಂದವನು. ಅವನೂ ಅವನ ಜೊತೆಯ ಮೂವರೂ ಊರಿನ ಹೆಗಲುಗಾರರು. ನಾಲ್ವರೂ ಓದು ಮೊದಲಾದದ್ದೇ ತಲೆ ಎತ್ತಿ, ಕತ್ತು ಒಂದಿಷ್ಟು ವಾಲಿಸಿ, ಪದ್ಯ ಮಂಟಪದ ಚಾವಣಿಯಿಂದ ಇಳಿಯುತ್ತಿದೆಯೇನೋ ಎಂಬಂತೆ ಕೂರುತ್ತಿದ್ದರು.

ಅಪ್ಪನವರು ಅಂಗಳದಲ್ಲಿ ನಕ್ಕದ್ದನ್ನು ಕೂಡ ನಾವು ಕಂಡಿಲ್ಲ. ಊರವರೂ ಕಂಡಿಲ್ಲ. ಅವರು ಹೋದದ್ದು ಮಂಟಪದಲ್ಲೇ, ಅರ್ಧ ಪದ್ಯ ಬಾಯಲ್ಲಿರುವಾಗ. ಅಲ್ಲಿಂದಲೇ ಅವರನ್ನು ಒಯ್ದರು. ಅವ್ವ ನನಗೆ ಎರಡು ವರುಷವಿದ್ದಾಗ ತವರಿನಲ್ಲಿ ತೀರಿಕೊಂಡಿದ್ದಳು. ಹೀಗಾಗಿ ನಮ್ಮ ಮನೆಯ ನೆಲಕ್ಕೆ ಒಂದು ಹನಿ ಕಣ್ಣೀರು ಬಿದ್ದಿರಲಿಲ್ಲ. ಅದೊಂದು ಹೆಮ್ಮೆ ನನ್ನೊಳಗಿತ್ತು.

ಅಕ್ಕ ದಾಕ್ಷಾಯಿಣಿ ನನ್ನ ಹಾಗಲ್ಲ. ಪಂಚಾಯಿತಿ ವಾಚನಾಲಯ ಅವಳ ಕೈಯಲ್ಲಿತ್ತು. ಅದರ ಜೊತೆಗೆ ಕಟ್ಟೆಯ ಮೇಲಿನ ಟೀವಿಪೆಟ್ಟಿಗೆಯ ಬೀಗದಕೈ. ಇಪ್ಪತ್ತು ವರುಷದ ಹಿಂದೆ, ಇಪ್ಪತ್ತಾರು ವಾರ, ಗುರುವಾರ ಸಂಜೆ ಏಳೂವರೆಗೆ ಅವಳು ಆ ಬೀಗ ತೆಗೆದರೆ ಊರಿಗೆ ಊರೇ ಬಯಲಲ್ಲಿ ಕೂತಿರುತ್ತಿತ್ತು. ಆಗ ಬರುತ್ತಿದ್ದದ್ದು 'ಗುರುವಾರದ ಅಧಿಕಪ್ರಸಂಗ'. ಸಣ್ಣ ಸಣ್ಣ ನಗೆಪ್ರಸಂಗ ಜೋಡಿಸಿದ ಅರ್ಧ ಗಂಟೆಯ ಆಟ. ಅದರಲ್ಲಿ ವಾರವಾರವೂ ಬರುತ್ತಿದ್ದ ಒಂದು ಪ್ರಸಂಗ ನಮ್ಮೂರಿಗೆ ಹುಚ್ಚು ಹಿಡಿಸಿತ್ತು. ಒಬ್ಬ ಗಿರಾಕಿ ಛತ್ರಿ ರಿಪೇರಿ ಅಂಗಡಿಗೆ ಬಂದು ಛತ್ರಿ ಸೋರುತ್ತದೆ ಎನ್ನುತ್ತಾನೆ. ಅಂಗಡಿಯವನು ಕನ್ನಡಕ ಏರಿಸಿ ಕೇಳುತ್ತಾನೆ: "ಯಾವ ಮಳ್ಯಾಗ ಸೋರಿತು? ಆ ಮಳಿ ತಗೊಂಡ್ ಬರ್ರಿ. ಮಳಿ ನೋಡದ ಛತ್ರಿ ಮುಟ್ಟಾಂವಲ್ಲ ನಾ." ಗಿರಾಕಿ ಒಂದು ವಾರ ಕೊಡದಲ್ಲಿ ನೀರು ತರುತ್ತಾನೆ. "ಇದು ಬಾವಿ ನೀರು. ಬಾವಿಗೆ ಯಾರರೆ ಛತ್ರಿ ಹಿಡೀತಾರೇನು?" ಇನ್ನೊಂದು ವಾರ ಮಳೆ ಬಿದ್ದದ್ದು ಖರೆ ಎಂದು ಶಾನುಭೋಗರಿಂದ ಬರೆಸಿಕೊಂಡು ಬರುತ್ತಾನೆ. "ಕಾಗದ ತೋದಿಲ್ಲಲ್ಲ, ಸುಳ್ಳು ಕಾಗದ." ಇಪ್ಪತ್ತಾರನೆಯ ವಾರ ಗಿರಾಕಿ ಧೋತರ ಎತ್ತಿ ಕಟ್ಟಿ, ಛತ್ರಿ ಬಗಲಲ್ಲಿ ಇರುಕಿಕೊಂಡು, "ಹಂಗಾರ ಮಳೀನ ತರ್ತೀನಿ, ಅಂಗಡಿ ಮುಚ್ಚಬ್ಯಾಡ್ರಿ" ಎಂದು ಹೊರಟ. ಮುಂದಿನ ಗುರುವಾರ ಅಕ್ಕ ಬೀಗ ತೆಗೆದಳು. ಅಲ್ಲಿ ಯಾರೋ ಬದನೆಕಾಯಿಯ ರೋಗದ ಬಗ್ಗೆ ಮಾತಾಡುತ್ತಿದ್ದರು. ಇಪ್ಪತ್ತೇಳನೆಯದು ಬರಲೇ ಇಲ್ಲ. ಯಾಕೆಂದು ಯಾರಿಗೂ ತಿಳಿಯಲಿಲ್ಲ.

ಇದೆಲ್ಲ ಅಕ್ಕನ ಬಾಯಿಂದ ಕೇಳಿದ್ದು. ನಾನು ಒಂದು ವಾರವೂ ನೋಡಲಿಲ್ಲ. ಗುರುವಾರ ಮಂಟಪಕ್ಕೆ ಕೇಳುವವರು ಬರುತ್ತಿರಲಿಲ್ಲವಾದ್ದರಿಂದ ಅಪ್ಪನವರು ಮನೆಯಲ್ಲೇ ಉಳಿಯುತ್ತಿದ್ದರು. "ನಾ ಇಲ್ಲೇ ಜಪಕ್ಕ ಕೂಡ್ತೀನಿ. ನೀ ಹೋಗಿ ದೀಪಾ ಹಚ್ಚು, ಎಂಟರ ತನಕ ಅಲ್ಲೇ ಇರು. ದೀಪ ಒಂದ ಇರಬಾರದು" ಎಂದು ನನ್ನನ್ನು ಕಳಿಸುತ್ತಿದ್ದರು. ನಾನು ಬರಿದಾದ ಮಂಟಪದಲ್ಲಿ ದೀಪದ ಮುಂದೆ ಕೂರುತ್ತಿದ್ದೆ. ನಮ್ಮ ಹಿತ್ತಲ ಗೋಡೆಯ ಆಚೆಗೇ ಕಟ್ಟೆ. ಆ ಗದ್ದಲದಲ್ಲಿ ಅಪ್ಪನವರ ಜಪ ಹೇಗೆ ಸಾಗೀತು ಎಂದು ನನಗೆ ಸಂಕಟವಾಗುತ್ತಿತ್ತು.

ಅಂದಿನಿಂದ ಇಪ್ಪತ್ತು ವರುಷ ನಮ್ಮೂರವರು ಎದುರಾದಾಗ ಆಡುವ ಮಾತೇ "ಮಳಿ ತಂದನೇನು?" ಎಂದಾಯಿತು. "ಇನ್ನೂ ಇಲ್ಲ" ಎನ್ನುವುದು ಜವಾಬು. ಆ ಹುಚ್ಚಿನವರಿಗೆ ಛತ್ರಿ ಮಂದಿ ಎಂದೇ ಹೆಸರು. ವರುಷದ ಮೊದಲ ಮಳೆಗೆ ಅವರೆಲ್ಲ ಮುಚ್ಚಿದ ಛತ್ರಿ ಹಿಡಿದು ಬೀದಿಯಲ್ಲಿ ನಿಂತು ತೋಯುತ್ತಿದ್ದರು. ಮುಂದಾಳು ನಮ್ಮಕ್ಕ, ಬಲಗೈ ಹುಸೇನಸಾಬ, ರೇಡಿಯೋ ಟೀವಿ ರಿಪೇರಿ ಮಾಡುವವನು.

ಹೋದ ವರುಷ ಹುಸೇನಸಾಬ ಒಂದು ಜಾಹೀರಾತಿನ ಹಾಳೆ ಹಿಡಿದುಕೊಂಡು ಕಟ್ಟೆಗೆ ಓಡಿಬಂದ. ಅಧಿಕಪ್ರಸಂಗದ ಇಪ್ಪತ್ತಾರೂ ಕಂತು, ಜೊತೆಗೆ ಯಾರೂ ಕಾಣದ ಇಪ್ಪತ್ತೇಳನೆಯದು, ಎಲ್ಲ ಸೇರಿಸಿ ಡಿಸ್ಕುಗಳ ಡಬ್ಬಿಯಾಗಿ ಬರುತ್ತದೆ ಎಂದು ಅದರಲ್ಲಿತ್ತು. ಮಂದಿ ಸಿಳ್ಳೆ ಹೊಡೆದರು. ಹುಸೇನಸಾಬ ಉತ್ಸಾಹದಲ್ಲಿ ಕೆಳಗಿನ ದಪ್ಪಕ್ಷರವನ್ನೂ ಓದಿದ: "ಇಡೀ ಕುಟುಂಬ ಮನೆಯಲ್ಲೇ ಕುಳಿತು..." ಅಲ್ಲಿಗೆ ಅವನ ದನಿ ಇಳಿಯಿತು. "...ಹೊಟ್ಟೆ ತುಂಬ ನಗಿ."  ಒಬ್ಬಳು ಕಂಕುಳಲ್ಲಿದ್ದ ಕೂಸಿನ ಕಿವಿ ಮುಚ್ಚಿದಳು.

"ಇದೇನು ಜಾಹೀರಾತೋ, ಯಾರರೆ ಹಾಕಿದ ಶಾಪೋ?" ಎಂದಳು ನಮ್ಮ ಎದುರು ಮನೆಯ ಬಾಳವ್ವ.

"ನಾವೇನು ಮನ್ಯಾಗ ನೋಡ್ತೀವೇನಬೇ? ಇಲ್ಲೇ ಕಟ್ಟಿ ಮ್ಯಾಲ ಪರದೆ ಕಟ್ಟೂದು" ಎಂದ ಹುಸೇನಸಾಬ. ಡಬ್ಬಿ ಅಕ್ಕನ ಹೆಸರಿಗೇ ತರಿಸಬೇಕೆಂದು ಎಲ್ಲರೂ ಒಪ್ಪಿದರು. ಬೀಗದಕೈ ಹಿಡಿದವಳು ಅವಳೇ ತಾನೆ.

ಆದರೆ ಅಕ್ಕ ಆಗಲೇ ಹಾಸಿಗೆ ಹಿಡಿದಿದ್ದಳು. ಬೆನ್ನೆಲುಬು ಒಣಗಿದ ಹಪ್ಪಳದಂತಾಗಿದೆ, ಅಲುಗಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಒಂದು ದಿನ ಬಿಸಿಲು ತೋರಿಸೋಣವೆಂದು ನಾನೂ ಹುಸೇನಸಾಬನೂ ಮಂಚವನ್ನು ಒಂದು ಗೇಣು ಎತ್ತಿದೆವು. ಬೆನ್ನಲ್ಲಿ ಮೂಳೆ ಲಟಕ್ಕೆಂದಿತು, ಅಕ್ಕನ ಮುಖ ಸುಣ್ಣವಾಯಿತು. ಸೆರಗನ್ನು ಬಾಯಿಗೆ ತುರುಕಿಕೊಂಡು ಕಚ್ಚಿದಳು. ಕಣ್ಣೀರು ಮಾತ್ರ ಬರಗೊಡಲಿಲ್ಲ. ಮಂಚ ಇಳಿಸಿದ ಮೇಲೆ ಸೆರಗಿನಲ್ಲಿ ಹಲ್ಲಿನ ತೂತು ಮೂಡಿತ್ತು.

ಅವತ್ತೇ ಅವಳು ಕೇಳಿದ್ದು. "ಈರೀ, ನಾ ಇನ್ನ ಕಟ್ಟಿಗೆ ಹೋಗಾಂಗಿಲ್ಲ. ಡಬ್ಬಿ ಬಂದ್ರ ಆ ಕಡೀದೊಂದು ಇಲ್ಲೇ ತೋರಸ್ತೀಯೇನು?"

ನಾನು ಜಂತಿಯತ್ತ ನೋಡಿದೆ. "ಇಲ್ಲಿ? ಸೂರಿನ ಕೆಳಗ? ಅಕ್ಕಾ, ಕುಂಬಾರ ಓಣಿ ಮರತಿಯೇನು?"

"ನಗೂದಿಲ್ಲ. ನಿನ್ನ ಮ್ಯಾಲೆ ಆಣಿ."

"ಇಪ್ಪತ್ತು ವರ್ಷ ಕಾದ ನಗು ನೀ ಹೆಂಗ ಹಿಡೀತಿ?"

"ಬೆನ್ನೆಲುಬು ಮುರದದ್ದು ಹಿಡದೀನಲ್ಲ, ನಗೂದು ಹಿಡಿಯಾಕ ಆಗೂದಿಲ್ಲೇನು?" ಎಂದಳು. ಆಮೇಲೆ ಮೆಲ್ಲಗೆ, "ಅಂವ ಮಳಿ ತಂದನೋ ಇಲ್ಲೋ, ಅಷ್ಟ ತಿಳಕೊಂಡು ಹೋಗ್ತೀನವ್ವಾ" ಎಂದಳು.

ಹ್ಞೂಂ ಎಂದೆ. ಎಂದಾಗಿನಿಂದ ನನಗೆ ಅಂಜಿಕೆ ಹತ್ತಿಕೊಂಡಿತು. ಅಕ್ಕ ಇನ್ನೆಷ್ಟು ದಿನ ಇದ್ದಾಳು? ಅವಳು ನಕ್ಕರೆ, ಆಮೇಲೆ ಹೋದರೆ, ಅಡಿವೆಪ್ಪ ಬಂದು ಹೊಸ್ತಿಲಲ್ಲಿ ನಿಂತು ಕೇಳಿದರೆ, ಪುರಾಣದ ಮುರಿಗೆಯ್ಯನವರ ಮಗಳಾಗಿ ನಾನು ಯಾವ ಬಾಯಲ್ಲಿ ಇಲ್ಲ ಎನ್ನಲಿ? ಐತಿ ಎಂದರೆ ಅಕ್ಕನಿಗೆ ಹೆಗಲು ಕೊಡುವವರು ಯಾರು? ಜಂತಿಗಳನ್ನು ಎಣಿಸುವ ಚಟ ಹತ್ತಿತು. ಹದಿನೇಳು. ಒಂದೊಂದರ ಸಂದಿಯೂ ಬಾಯಿ ತೆರೆದುಕೊಂಡು ಕಾಯುತ್ತಿರುವಂತೆ ಕಾಣುತ್ತಿತ್ತು.

ಡಬ್ಬಿ ಯುಗಾದಿಗೆ ಬರುತ್ತದೆ ಎಂದಿದ್ದರು, ಬರಲಿಲ್ಲ. ಕಾರಹುಣ್ಣಿಮೆಗೆ ಎಂದರು, ಬರಲಿಲ್ಲ. ಛತ್ರಿ ಮಂದಿ ದಿನಾ ಮಧ್ಯಾಹ್ನದ ಬಸ್ಸಿಗೆ ಕಾದು ಕಂಡಕ್ಟರನ ಮುಖ ನೋಡಿ ವಾಪಸಾಗುತ್ತಿದ್ದರು. ನಾನು ಗುಡಿಯಲ್ಲಿ ಕೈಮುಗಿದು, ಬಾರದಿರಲಿ ತಂದೆ, ಅಕ್ಕ ಇರುವ ತನಕ ಅದು ಬಾರದಿರಲಿ ಎಂದು ಬೇಡುತ್ತಿದ್ದೆ. ಹುಟ್ಟಿದಂದಿನಿಂದ ಅಂಥ ಬೇಡಿಕೆ ಆ ದೇವರ ಮುಂದೆ ನಾನು ಇಟ್ಟಿರಲಿಲ್ಲ.

ಶ್ರಾವಣದ ಮೊದಲ ವಾರ ಪೋಸ್ಟಿನವನು ಚೀಟಿ ಕೊಟ್ಟು ಹೋದ. ದಾಕ್ಷಾಯಿಣಿಯವರ ಹೆಸರಿಗೆ ಪಾರ್ಸಲ್ ಬಂದಿದೆ, ಹದಿನೈದು ದಿನದೊಳಗೆ ಬಿಡಿಸಿಕೊಳ್ಳದಿದ್ದರೆ ವಾಪಸು ಹೋಗುತ್ತದೆ. ಅಕ್ಕನಿಗೆ ಜೊಂಪು ಹತ್ತಿತ್ತು. ನಾನು ಚೀಟಿಯನ್ನು ಅಪ್ಪನವರ ಪುರಾಣದ ಪುಸ್ತಕ ಸುತ್ತಿದ ಮಡಿವಸ್ತ್ರದೊಳಗೆ ಇಟ್ಟು ಗಂಟು ಬಿಗಿದೆ. ಏಳು ದಿನ ಬಾಯಿ ಬಿಡಲಿಲ್ಲ. 

ಎಂಟನೆಯ ಸಂಜೆ ಎಂದಿನಂತೆ ಅಕ್ಕನ ಹತ್ತಿರ ಕೂತು ಪದ್ಯ ಹೇಳುತ್ತಿದ್ದೆ. ಅವಳು ಕಣ್ಣು ಮುಚ್ಚಿಕೊಂಡೇ ಅಂದಳು: "ಎಂಟ ದಿನಾ ಆತು, ನೀ ಪುಸ್ತಕ ಬಿಚ್ಚಿಲ್ಲ. ಬಾಯಿಪಾಠ ಹೇಳಾಕತ್ತೀ."

ನಾನು ಮಡಿವಸ್ತ್ರದ ಗಂಟಿನ ಮೇಲೆ ಕೈ ಇಟ್ಟೆ.

"ಚೀಟಿ ವಸ್ತ್ರದಾಗ ಇಟ್ಟೀ, ಹೌದಲ್ಲೊ? ಪೋಸ್ಟಿನಾಂವ ಬಾಗಲದಾಗ ಒದರಿದ್ದು ನನಗೂ ಕೇಳೇತಿ. ಬೆನ್ನ ಹೋಗೇತಿ, ಕಿವಿ ಹೋಗಿಲ್ಲ."

"ಅಕ್ಕಾ, ನನಗ ಅಂಜಿಕಿ..."

"ಗೊತ್ತೈತಿ. ಅದಕ್ಕ ನಾನೂ ಎಂಟ ದಿನ ಕೇಳಲಿಲ್ಲ. ಈಗ ಇನ್ನೆಂಟು ದಿನ ಇರ್ತೀನೋ ಇಲ್ಲೋ ಅಂತ ನನಗೂ ಅಂಜಿಕಿ ಬಂದೈತಿ. ಹೋಗು, ತಗೊಂಡ ಬಾ."

ಮರುದಿನ ಬೆಳಿಗ್ಗೆ ನಾನು ಪಾರ್ಸಲ್ ಬಿಡಿಸಿಕೊಂಡು ಬಂದೆ. ಮಧ್ಯಾಹ್ನ ಹುಸೇನಸಾಬ ಒಂದು ಸಣ್ಣ ಟೀವಿ, ಡಿಸ್ಕು ಓಡಿಸುವ ಪೆಟ್ಟಿಗೆ ಎರಡನ್ನೂ ಹೊತ್ತು ತಂದು ಮಂಚದ ಕಾಲ್ದೆಸೆಗೆ ಇಟ್ಟ. ತಂತಿ ಸಿಕ್ಕಿಸಿ, ಡಿಸ್ಕು ಹಾಕಿ, ಯಾವ ಗುಂಡಿ ಒತ್ತಬೇಕೆಂದು ನನಗೆ ಎರಡು ಸಲ ತೋರಿಸಿದ. ಊರಿಗೆಲ್ಲ ಮೊದಲು ಅಕ್ಕ ನೋಡಲಿ ಎಂದು ಛತ್ರಿ ಮಂದಿ ತೀರ್ಮಾನಿಸಿದ್ದರು. "ನೀನೂ ಕೂಡಪಾ" ಎಂದಳು ಅಕ್ಕ. ಅವನು ಮೇಲೆ ಜಂತಿ ನೋಡಿ ಹಿಂದೆ ಸರಿದ. "ಬ್ಯಾಡ್ರಿ ಅಕ್ಕಾರ, ನನ್ನ ಬಾಯಿ ಮ್ಯಾಲ ನನಗ ಭರೋಸೆ ಇಲ್ಲ. ಹೊರಗ ನಿಂದರ್ತೀನಿ. ಮಳಿ ತಂದನೋ ಇಲ್ಲೋ ನನಗ ಹೇಳಬ್ಯಾಡ್ರಿ ಮತ್ತ. ನಾ ಕಟ್ಟಿ ಮ್ಯಾಲೇ ನೋಡಾಂವ."

ನಾನು ಬೆಳಕಿಂಡಿಯ ಮುಚ್ಚಳ ಸರಿಸಿದೆ. ಮುಂಬಾಗಿಲು ಹಿತ್ತಿಲಬಾಗಿಲು ಎರಡನ್ನೂ ತೆರೆದಿಟ್ಟೆ. ಅದರಿಂದ ಏನೂ ಆಗುವುದಿಲ್ಲವೆಂದು ಗೊತ್ತಿದ್ದರೂ ಕೈ ಸುಮ್ಮನಿರಲಿಲ್ಲ. ಎದುರು ಬಾಗಿಲಲ್ಲಿ ಬಾಳವ್ವ ಮೊರ ಹಿಡಿದು ಕೂತಿದ್ದಳು. ಮೊರದಲ್ಲಿ ಕಾಳಿರಲಿಲ್ಲ. ಅಕ್ಕ ತಾನಾಗಿಯೇ ಸೆರಗನ್ನು ಉಂಡೆ ಮಾಡಿ ಬಾಯಿಗೆ ಇಟ್ಟುಕೊಂಡು ನನಗೆ ಸನ್ನೆ ಮಾಡಿದಳು. ನಾನು ಅವಳ ತಲೆದಿಂಬಿನ ಪಕ್ಕ ಕೂತೆ. ಅವಳ ಬಾಯಿಯ ಮೇಲೆ ಅದುಮಲು ಒಂದು ತೊಯ್ದ ಟವೆಲ್ಲು ಕೈಯಲ್ಲಿ ಹಿಡಿದಿದ್ದೆ. ಇನ್ನೊಂದು ಕೈಯಿಂದ ರಿಮೋಟಿನ ಗುಂಡಿ ಒತ್ತಿದೆ.

ಛತ್ರಿ ಅಂಗಡಿ ಕಂಡಿತು. ಅಂಗಡಿಯವನು ನೊಣ ಹೊಡೆಯುತ್ತಿದ್ದಾನೆ. ಹೊರಗೆ ಸುಡುಬಿಸಿಲು. ಆಗ ಗಿರಾಕಿ ಬಂದ. ಅವನೊಬ್ಬನ ಮೇಲಷ್ಟೇ ಮಳೆ ಸುರಿಯುತ್ತಿತ್ತು. ಎರಡು ಹೆಜ್ಜೆ ಆಚೆ ನೆಲ ಒಣಗಿದೆ. ಅವನು ಎಲ್ಲಿ ಹೋದರೆ ಮಳೆಯೂ ಅಲ್ಲಿಗೆ ಬರುತ್ತದೆ. ಧೋತರ ಕಾಲಿಗೆ ಅಂಟಿದೆ, ಮೀಸೆಯಿಂದ ನೀರು ಇಳಿಯುತ್ತಿದೆ. "ತಂದೀನ್ರೀ!" ಎಂದ. ಅಕ್ಕನ ಕೈ ನನ್ನ ಮಣಿಕಟ್ಟು ಹಿಡಿಯಿತು. ಅವಳ ಭುಜ ಅದುರತೊಡಗಿತ್ತು. ನಾನು ಟವೆಲ್ಲು ಎತ್ತಿದೆ.

ಅಂಗಡಿಯವನು ಅವಸರ ಮಾಡಲಿಲ್ಲ. ಕನ್ನಡಕ ಏರಿಸಿದ. ಕೈ ಚಾಚಿ ಮಳೆಯನ್ನು ಮುಟ್ಟಿದ, ಮೂಸಿದ, ನಾಲಿಗೆಗೆ ಹಚ್ಚಿ ನೋಡಿದ. ಗುಡಿಯಲ್ಲಿ ತೀರ್ಥ ತೆಗೆದುಕೊಂಡವರ ಹಾಗೆ ಒಂದು ಗಳಿಗೆ ಕಣ್ಣು ಮುಚ್ಚಿದ. "ಹೌದು. ಇದ ಮಳಿ" ಎಂದ. ಆಮೇಲೆ ಕೈ ಮುಂದೆ ಚಾಚಿದ. "ಕೊಡ್ರಿ ಛತ್ರಿ."

ಗಿರಾಕಿ ಸುಮ್ಮನೆ ನಿಂತ. ಮಳೆ ಸುರಿಯುತ್ತಲೇ ಇತ್ತು. ಅವನು ತನ್ನ ಬಗಲು ನೋಡಿಕೊಂಡ, ಬೆನ್ನ ಹಿಂದೆ ನೋಡಿಕೊಂಡ. ಕಡೆಗೆ ಬಲು ವಿನಯದಿಂದ, "ಮನ್ಯಾಗ ಬಿಟ್ಟು ಬಂದೀನ್ರೀ" ಎಂದ. "ಮಳ್ಯಾಗ ತೋಯ್ತೈತಂತ."

ಮನೆಯೊಳಗೆ ಒಂದು ಸದ್ದು ಬಂತು. ಗಡಿಗೆಯಲ್ಲಿ ಅಂಬಲಿ ಕುದಿ ಬಂದಂತೆ ಮೊದಲು ಬುಳುಬುಳು ಎಂದು, ಆಮೇಲೆ ಒಡೆದು ಉಕ್ಕಿತು. ನಾನು ಗಾಬರಿಯಿಂದ ಟವೆಲ್ಲನ್ನು ಅಕ್ಕನ ಬಾಯಿಗೆ ಒತ್ತಿದೆ. ಸದ್ದು ನಿಲ್ಲಲಿಲ್ಲ. ಅಕ್ಕನ ಬಾಯಿ ತುಂಬ ಸೆರಗಿತ್ತು. ಅವಳು ಕಣ್ಣರಳಿಸಿ ನನ್ನನ್ನೇ ನೋಡುತ್ತಿದ್ದಳು. ನಗುತ್ತಿದ್ದವಳು ನಾನು. ಹೊಟ್ಟೆ ಹಿಡಿದುಕೊಂಡರೂ ನಿಲ್ಲಲಿಲ್ಲ, ತುಟಿ ಕಚ್ಚಿದರೂ ನಿಲ್ಲಲಿಲ್ಲ. ಕಂಬಕ್ಕೆ ಒರಗಿ ಬೆಳೆದವಳು ಐವತ್ತೇಳನೆಯ ವಯಸ್ಸಿನಲ್ಲಿ ಮಂಚದ ಕಾಲು ಹಿಡಿದು ನೆಲಕ್ಕೆ ಜಾರಿದೆ.

ಕಡೆಗೂ ಉಸಿರು ಹಿಡಿತಕ್ಕೆ ಬಂದಾಗ ಅಕ್ಕ ಸೆರಗನ್ನು ಬಾಯಿಂದ ತೆಗೆದಿದ್ದಳು. ನಕ್ಕಿರಲಿಲ್ಲ, ಆಣೆ ಉಳಿಸಿಕೊಂಡಿದ್ದಳು. "ಈರೀ, ನೀ ನಕ್ಕಿ" ಎಂದಳು. "ನೀ ನಗೂದು ನೋಡದ ಹೋಗ್ತೀನಂತ ಮಾಡಿದ್ದೆ." ಅಷ್ಟು ಹೇಳುತ್ತಲೇ ಅವಳ ಕಣ್ಣಿನಿಂದ ನೀರು ಹರಿದು ಕಿವಿಯ ಕಡೆಗೆ ಇಳಿಯಿತು. ಮೂಳೆ ಮುರಿದಾಗ ಬಾರದ ನೀರು.

"ಅಳಬ್ಯಾಡ ಅಕ್ಕಾ, ಅಳಬ್ಯಾಡ!" ಎಂದೆ. ತಡವಾಗಿತ್ತು. ನಾನು ತಲೆ ಎತ್ತಿ ಹದಿನೇಳು ಜಂತಿಗಳನ್ನು ನೋಡಿದೆ.  ಮೊದಲು ನನ್ನ ನಗು ಇಳಿಯಿತು, ಆಗಷ್ಟೇ ನಕ್ಕದ್ದು, ಇನ್ನೂ ಬಿಸಿ ಇದ್ದದ್ದು.  ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಹಿತ್ತಲ ಗೋಡೆಯ ಕಡೆಯ ಜಂತಿಯಿಂದ ಇನ್ನೊಂದು ನಗು ಇಳಿಯಿತು. ಗಂಡುದನಿ. ಮೂಗಿನಲ್ಲಿ ಹಿಡಿದಿಟ್ಟು, ತಡೆಯಲಾರದೆ ಬಿಟ್ಟುಕೊಟ್ಟ ನಗು. ಅದು ಏರಿತು, ಮೇಲೆ ನಿಂತಿತು, ಇಳಿಯಿತು. ಎರಡು ಸಣ್ಣ ಕೆಮ್ಮು. "ಶಿವಾ ಶಿವಾ."

ಅಕ್ಕನೂ ನಾನೂ ಮುಖ ಮುಖ ನೋಡಿಕೊಂಡೆವು. ಮತ್ತೆ ಒಂದು ಇಳಿಯಿತು. ಮತ್ತೊಂದು. ಒಂದು ವಾರದ್ದಲ್ಲ, ಇಪ್ಪತ್ತಾರು ಗುರುವಾರದ ನಗು. ಗೋಡೆಗೆ ಕಿವಿಗೊಟ್ಟು ಒಬ್ಬರೇ ಕೂತು ನಕ್ಕದ್ದು. ದೀಪ ಒಂದೇ ಇರಬಾರದೆಂದು ನನ್ನನ್ನು ಕಳಿಸಿ ನಕ್ಕದ್ದು.

"ಎಪ್ಪಾ, ಜಪಾ ಮಾಡ್ತಿದ್ದೇನಪಾ!" ಎಂದಳು ಅಕ್ಕ. ಆಗ ಅವಳೂ ನಕ್ಕಳು. ಆಣೆ ಮುರಿಯಿತು. ನನ್ನ ಕೈಯಲ್ಲಿ ಟವೆಲ್ಲಿತ್ತು, ಕೈ ಮೇಲೇಳಲಿಲ್ಲ.

ಬೀದಿಯಲ್ಲಿ ಮೊರ ಬಿದ್ದ ಸದ್ದಾಯಿತು. ಬಾಳವ್ವ ಓಣಿಯ ತುದಿಯ ತನಕ ಓಡಿದ್ದು ಕಿಟಕಿಯಿಂದ ಕಂಡಿತು. ಸಂಜೆಯೊಳಗೆ ನಮ್ಮ ಮನೆಯಲ್ಲಿ ನಗು ಇಳಿದದ್ದು ಊರಿಗೆಲ್ಲ ಗೊತ್ತಾಗಿತ್ತು. ಯಾರದೆಂದು ಮಾತ್ರ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಹಾಲಿನವಳು ಚೆಂಬನ್ನು ಬೀದಿಯಲ್ಲೇ ಇಟ್ಟು ಹೋಗತೊಡಗಿದಳು. ಹುಸೇನಸಾಬ ದಿನಾ ಬಂದ. ಅವನೂ ಹೊಸ್ತಿಲ ಆಚೆಗೇ ನಿಂತ. ಕಟ್ಟೆ ಮೇಲೆ ಪರದೆ ಕಟ್ಟುವುದನ್ನು ಅವರು ಮುಂದೆ ಹಾಕಿದ್ದರು. ಅಕ್ಕನ ದಿನ ಹತ್ತಿರವಾಗಿರುವಾಗ ಗೋಡೆಯಾಚೆ ಕೂತು ನಗಲು ಅವರಿಗೆ ಮನಸ್ಸು ಬರಲಿಲ್ಲ. ನಾನು ಒಲೆಯ ಮುಂದೆ ಕೂತರೂ, ನೀರು ಸೇದಿದರೂ ಕಿವಿಯಲ್ಲಿ ಆ ಗಾಡಿಯ ಗಾಲಿ ಕಿರುಗುಟ್ಟುತ್ತಿತ್ತು.

"ಏನ್ ಮಾಡೂದ ಅಕ್ಕಾ? ನಿನಗ ಹೆಗಲು ಕೊಡಾಕ ಯಾರೂ ಬರೂದಿಲ್ಲ" ಎಂದೆ ಒಂದು ದಿನ.

"ಹುಸೇನಸಾಬನ ತಳ್ಳುಗಾಡಿ ಐತೆಲ್ಲ. ಕೆಟ್ಟ ಟೀವಿ ಒಯ್ದಂಗ ಒಯ್ತಾನ ಬಿಡು." ಅವಳ ಕಣ್ಣಲ್ಲಿ ತುಂಟತನವಿತ್ತು. ಆದರೆ ನನ್ನ ಕೈ ಬಿಟ್ಟಿರಲಿಲ್ಲ. ಆ ಕೈ ತಣ್ಣಗಿತ್ತು, ಅವಳಿಗೂ ಅಂಜಿಕೆಯಿತ್ತು.

ಒಂಬತ್ತನೆಯ ದಿನ ಬೆಳಿಗ್ಗೆ ಪುಸ್ತಕ ಬಿಚ್ಚಿ ಓದುತ್ತಿದ್ದಾಗ ಅಕ್ಕ ಹೋದಳು. ಪದ್ಯದ ನಡುವೆ ಅವಳ ಬೆರಳು ಸಡಿಲವಾದದ್ದು ತಿಳಿಯಿತು. ಪದ್ಯ ಮುಗಿಸಿಯೇ ಪುಸ್ತಕ ಮುಚ್ಚಿದೆ. ಆಮೇಲೆ ಸೆರಗನ್ನು ಬಾಯಿಗೆ ತುರುಕಿಕೊಂಡು ಕಚ್ಚಿ ಕೂತೆ. 

ಹುಸೇನಸಾಬ ಸುದ್ದಿ ಮುಟ್ಟಿಸಿ ಬಂದು ಅಂಗಳದ ಮೂಲೆಯಲ್ಲಿ ನಿಂತ. ಹೊತ್ತು ಏರಿತು. ಬರಲಾರರು ಎಂದುಕೊಂಡಿದ್ದೆ. ಅಡಿವೆಪ್ಪ ಬಂದ. ಹಿಂದೆ ಮೂವರು. ಬೀದಿಯ ಆಚೆ ಬದಿಗೆ ಊರು ನಿಂತಿತ್ತು, ಬಾಳವ್ವ ಎಲ್ಲರಿಗಿಂತ ಮುಂದೆ. ಅಡಿವೆಪ್ಪ ಚೌಕಟ್ಟಿಗೆ ಅಂಗೈ ಹಚ್ಚಿದ.

"ಮನ್ಯಾಗ ನಗು ಐತೇನು?"

ನಾನು ಬಾಯಿಂದ ಸೆರಗು ತೆಗೆದೆ. "ಐತಿ."

ಬೀದಿಯಲ್ಲಿ ಗುಜುಗುಜು ಎದ್ದಿತು. ಹಿಂದಿನ ಮೂವರಲ್ಲಿ ಒಬ್ಬ ಆಗಲೇ ಟವೆಲ್ಲಿಗೆ ಕೈ ಹಾಕಿದ. ಅಡಿವೆಪ್ಪ ಅಲುಗಲಿಲ್ಲ. ಎರಡನೆಯ ಸಲ ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಕೇಳಿದ. ತಪ್ಪು ಓದಿದವರಿಗೆ ಮತ್ತೊಮ್ಮೆ ಓದಲು ಬಿಟ್ಟಂತಿತ್ತು. "ಐತಿ" ಎಂದೆ. ಮೂರನೆಯ ಸಲ ಅವನ ದನಿಯೇ ಇರಲಿಲ್ಲ. ಇಲ್ಲ ಅನ್ರೀ ಅಮ್ಮಾರ ಎಂದು ಅವನ ಕಣ್ಣು ಬೇಡುತ್ತಿತ್ತು.

"ಐತಿ, ಅಡಿವೆಪ್ಪಣ್ಣ."

ಮೂವರೂ ಟವೆಲ್ಲು ಕೆಳಗೆ ಬಿಟ್ಟರು. ಮೆತ್ತಗೆ ಬಿದ್ದರೂ ಆ ಸದ್ದು ನನಗೆ ಕೇಳಿಸಿತು. ಅಡಿವೆಪ್ಪನೂ ತನ್ನ ಟವೆಲ್ಲು ಬಿಟ್ಟು ಚೌಕಟ್ಟಿನಿಂದ ಕೈ ತೆಗೆದ. ತೆಗೆದವನು ತಿರುಗಲಿಲ್ಲ. "ಯಾರದ್ರೀ?" ಎಂದ.

"ನಂದೈತಿ. ಅಕ್ಕಂದೈತಿ." ಹಿತ್ತಲ ಗೋಡೆಯ ಕಡೆಯ ಜಂತಿ ನೋಡಿದೆ. "ಅಪ್ಪಾರದೂ ಐತಿ."

"ಯಾವ ಅಪ್ಪಾರು?"

"ನಮ್ಮಪ್ಪಾರು."

"ಪುರಾಣದ ಅಯ್ಯಾರು?" ಅಡಿವೆಪ್ಪ ಹಿಂದೆ ತಿರುಗಿ ಮೂವರ ಮುಖ ನೋಡಿದ. ಅವರು ಇವನ ಮುಖ ನೋಡಿದರು. "ಅವರು ನಕ್ಕಿದ್ರೇನ್ರೀ? ಅಯ್ಯಾರು?"

"ಇಪ್ಪತ್ತಾರು ಗುರುವಾರ."

 ಅಡಿವೆಪ್ಪನ ಮೀಸೆ ಬೆಳ್ಳಗಾಗಿತ್ತು. ಆದರೂ ಮಂಟಪದ ಮೆಟ್ಟಿಲ ಮೇಲೆ ಓದು ಮೊದಲಾಗುವುದನ್ನು ಕಾಯುತ್ತ ಕೂರುತ್ತಿದ್ದ ಅದೇ ಮುಖ. ಅವನ ಕೈ ತಾನಾಗಿ ಮತ್ತೆ ಚೌಕಟ್ಟಿಗೆ ಹೋಯಿತು. 

"ಅವರ ದನಿ ಕೇಳಿ ಹದಿನಾಲ್ಕು ವರ್ಷ ಆತ್ರೀ" ಎಂದ. ಆಮೇಲೆ ತಗ್ಗಿದ ದನಿಯಲ್ಲಿ, "ಹಂಗಾರ ಒಮ್ಮೆ ಅಳ್ರೀ, ಅಮ್ಮಾರ" ಎಂದ.

ನಾನು ಅಕ್ಕನ ಮುಖ ನೋಡಿದೆ. ಸೆರಗನ್ನು ಕೈಯಿಂದ ಬಿಟ್ಟೆ. ಅಪ್ಪನವರ ಕಟ್ಟಳೆ ಮುರಿದು, ಆ ಮನೆಯ ನೆಲದ ಮೇಲೆ, ದನಿ ತೆಗೆದು ಅತ್ತೆ. ಜಂತಿಗಳಿಂದ ಇಳಿಯಿತು: ನನ್ನದು, ಅದರ ಬೆನ್ನಿಗೆ ಅಪ್ಪನವರದು, ಅದನ್ನು ಅಟ್ಟಿಸಿಕೊಂಡು ಕಟ್ಟೆಯ ಮಂದಿಗೆಲ್ಲ ಗುರುತಿದ್ದ ಅಕ್ಕನ ನಗು. ಬೀದಿಯಲ್ಲಿ ಯಾರೋ ಓಡಿದರು. ಹೊಸ್ತಿಲಲ್ಲಿ ನಾಲ್ವರೂ ತಲೆ ಎತ್ತಿ, ಕತ್ತು ಒಂದಿಷ್ಟು ವಾಲಿಸಿ ನಿಂತಿದ್ದರು. ಅಪ್ಪನವರ ನಗು ಏರಿ, ನಿಂತು, ಇಳಿಯಿತು. ಎರಡು ಸಣ್ಣ ಕೆಮ್ಮು ಬಂದವು.

"ಶಿವಾ ಶಿವಾ" ಎಂದ ಅಡಿವೆಪ್ಪ, ಜಂತಿಯ ದನಿಯ ಜೊತೆಗೇ. ಬಗ್ಗಿ ಟವೆಲ್ಲು ಎತ್ತಿ ಹೆಗಲಿಗೆ ಹಾಕಿಕೊಂಡು ಬಲಗಾಲು ಒಳಗಿಟ್ಟ.